ಕರಡಿಗೆಯ ಮೇಲಿನ ಬೆಲ್ಟು

ಆ ಗಾಡಿ ಸುರಕ್ಷಿತವೇ ಎಂದು ವೈಜನಾಥನನ್ನು ಎರಡು ಸಲ ಕೇಳಿದರು. ಮೊದಲ ಸಲ, ಅದನ್ನು ಕೊಳ್ಳುವ ಮುಂಚೆ. ಎರಡನೆಯ ಸಲ, ಅದರ ಮುಂದಿನ ಸೀಟಿನಲ್ಲಿ ಕೂತಿದ್ದ ಪ್ರೇಮಾಬಾಯಿ ತೀರಿಕೊಂಡ ಇಪ್ಪತ್ತೆರಡು ದಿನಕ್ಕೆ. ಎರಡೂ ಸಲ ಕೇಳಿದವನು ಶಿವಲಿಂಗ: ಪ್ರೇಮಾಬಾಯಿಯ ಮಗ, ವೈಜನಾಥನ ಅಕ್ಕ ಜಯಮಾಲಾಳ ಗಂಡ. ಎರಡೂ ಸಲ ನಿಜವಾದ ಉತ್ತರ ಒಂದೇ ಆಗಿತ್ತು. ಮೊದಲ ಸಲ ಅದನ್ನು ಹೇಳುವುದು ಸುಲಭವಿತ್ತು.

ವೈಜನಾಥ ಕೆಲಸಕ್ಕಿದ್ದದ್ದು ನಾಸಿಕಿನ ಅಂಬಡ್‌ನಲ್ಲಿ, ಸೀಟ್ ಬೆಲ್ಟಿನ ಬಕಲ್ ತಯಾರಿಸುವ ಒಂದು ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ. ದಿನಕ್ಕೆ ನಲವತ್ತು ಬಕಲ್ಲುಗಳನ್ನು ಯಂತ್ರಕ್ಕೆ ಸಿಕ್ಕಿಸಿ ಮುರಿಯುವ ತನಕ ಎಳೆಸುವುದು, ಯಾವುದು ಎಷ್ಟಕ್ಕೆ ಮುರಿಯಿತೆಂದು ಬರೆದಿಡುವುದು. ಅಷ್ಟೇ ಕೆಲಸ. ಆದರೆ ಭಾಲ್ಕಿ ಕಡೆಯಿಂದ ಬಂದು ಮಹಾರಾಷ್ಟ್ರದ ಊರೂರುಗಳಲ್ಲಿ ಚದುರಿದ ಅವರ ಬಳಗದಲ್ಲಿ ಗಾಡಿಗೆ ಸಂಬಂಧಪಟ್ಟ ಕಾರ್ಖಾನೆಯೊಳಗೆ ಕಾಲಿಟ್ಟವನು ಅವನೊಬ್ಬನೇ. ಹೀಗಾಗಿ ಯಾರ ಮನೆಯ ಸ್ಕೂಟರಿನ ಹಾರ್ನ್ ಕೆಟ್ಟರೂ ಫೋನು ಬರುತ್ತಿದ್ದದ್ದು ಅವನಿಗೆ. ಸಂಭಾಜಿನಗರದ ಮಂಡಿಯಲ್ಲಿ ತೊಗರಿಬೇಳೆ ವ್ಯಾಪಾರ ಮಾಡುತ್ತಿದ್ದ ಶಿವಲಿಂಗ ಹೊಸ ಗಾಡಿಯ ಮಾತೆತ್ತಿದಾಗ, ವೈಜು ಹೂಂ ಅನ್ನಲಿ, ಆಮೇಲೆ ನೋಡೋಣ ಎಂದುಬಿಟ್ಟಿದ್ದ.

ಅದು ಸಣ್ಣ ಸೆಡಾನ್. ಅರ್ಧ ಪೆಟ್ರೋಲು, ಅರ್ಧ ಕರೆಂಟು. ವೈಜನಾಥ ಮೂರು ವಾರ ಅದರ ಬೆನ್ನು ಹತ್ತಿದ. ಕಾರ್ಖಾನೆಯಿಂದ ರೂಮಿಗೆ ಬಂದು, ಒಂದು ಕೈಯಲ್ಲಿ ಪೋಹೆಯ ತಟ್ಟೆ ಹಿಡಿದು, ಗೋಡೆಗೆ ಗುದ್ದಿಸಿದ ಗಾಡಿಗಳ ವಿಡಿಯೊಗಳನ್ನು ನಿಧಾನಗತಿಯಲ್ಲಿ ನೋಡಿದ. ಬೊಂಬೆಯ ತಲೆ ಎಷ್ಟು ಮುಂದೆ ಬರುತ್ತದೆ, ಮೊಣಕಾಲು ಎಲ್ಲಿಗೆ ತಾಕುತ್ತದೆ, ಬಾಗಿಲು ತೆರೆಯುತ್ತದೋ ಇಲ್ಲವೋ. ಒಂದು ದೊಡ್ಡ ಹಾಳೆಯಲ್ಲಿ ನಾಲ್ಕು ಗಾಡಿಗಳನ್ನು ಅಕ್ಕಪಕ್ಕ ಬರೆದು, ಈ ಸೆಡಾನಿನ ಕೆಳಗೆ ಹಸಿರು ಗೆರೆ ಎಳೆದ. ಆ ಹಾಳೆ ಬಳಗದ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ಓಡಾಡಿತು. ಬೀದರಿನ ಯಾರೋ ಚಿಕ್ಕಪ್ಪ, ಇದು ಮದುವೆಯ ಜಾತಕಕ್ಕಿಂತ ಚೆನ್ನಾಗಿದೆ ಎಂದು ಬರೆದಿದ್ದರು.

ಮನೆಯವರಿಗಿದ್ದದ್ದು ಒಂದೇ ಭಯ, ಬ್ಯಾಟರಿಯದು. ಮಳೆನೀರಿನಲ್ಲಿ ಹೋದರೆ ಶಾಕ್ ಹೊಡೆಯುತ್ತದಾ, ಬಿಸಿಲಿಗೆ ಸಿಡಿಯುತ್ತದಾ, ಗುದ್ದಿದರೆ ಒಳಗಿದ್ದವರು ಸುಟ್ಟುಹೋಗುತ್ತಾರಾ. ವೈಜನಾಥ ಒಂದು ಭಾನುವಾರ ಪೂರ್ತಿ ಅವರ ಮನೆಯಲ್ಲಿ ಕೂತು ಉತ್ತರ ಕೊಟ್ಟ. ಡಿಕ್ಕಿಯಾದ ಕ್ಷಣದಲ್ಲಿ ಗಾಡಿ ತಾನೇ ಬ್ಯಾಟರಿಯ ಸಂಪರ್ಕ ಕಡಿದುಕೊಳ್ಳುತ್ತದೆ ಎಂದು ಟೀ ಕಪ್ಪು, ಚಮಚ ಇಟ್ಟು ತೋರಿಸಿದ. ಎಲ್ಲರೂ ಒಪ್ಪಿದರು. ಒಪ್ಪದವರು ಪ್ರೇಮಾಬಾಯಿ ಒಬ್ಬರೇ. ಬ್ಯಾಟರಿ ಹಿಂದಿನ ಸೀಟಿನ ಕೆಳಗಿದೆ ಎಂಬುದೊಂದೇ ಮಾತನ್ನು ಹಿಡಿದುಕೊಂಡು, ಕರೆಂಟಿನ ಮೇಲೆ ತಾನು ಕೂಡುವುದಿಲ್ಲ, ಮೈಮೇಲೆ ಲಿಂಗವಿದೆ ಎಂದರು. ಎಪ್ಪತ್ತು ದಾಟಿದ ಹೆಂಗಸು. ಬುದ್ಧಿ ಹೇಳುವವರು ಯಾರು? ಗಾಡಿ ಬಂತು. ಬಂದ ದಿನದಿಂದ ಮುಂದಿನ ಎಡ ಸೀಟು ಅವರದಾಯಿತು.

ಆದದ್ದು ಆಮೇಲೆ, ಶ್ರಾವಣದಲ್ಲಿ. ತ್ರ್ಯಂಬಕೇಶ್ವರಕ್ಕೆಂದು ಬಂದವರು ವೈಜನಾಥನ ರೂಮಿನಲ್ಲಿ ಊಟ ಮಾಡಿ ಸಂಭಾಜಿನಗರಕ್ಕೆ ಹೊರಟಿದ್ದರು. ಶಿವಲಿಂಗ ನೀರಿನ ಬಾಟಲಿ ತರಲು ಬೀದಿಯ ತುದಿಯ ಅಂಗಡಿಗೆ ಹೋಗಿದ್ದ. ಜಯಮಾಲಾ ಅತ್ತೆಯ ಬೆನ್ನಿಗೇ, ಹಿಂದಿನ ಸೀಟಿನ ಎಡಗಡೆ ಕೂತಿದ್ದಳು. ಪ್ರೇಮಾಬಾಯಿ ಬೆಲ್ಟನ್ನು ಎದೆಯಿಂದ ನಾಲ್ಕು ಬೆರಳು ದೂರ, ಎರಡೂ ಕೈಯಲ್ಲಿ ಎತ್ತಿ ಹಿಡಿದು, ಹಾವು ಹಿಡಿದವರಂತೆ ಕೂತಿದ್ದರು. ಅವರ ಕೊರಳಿನಿಂದ ಶಿವದಾರದಲ್ಲಿ ಬೆಳ್ಳಿಯ ಕರಡಿಗೆ ಇಳಿಬಿದ್ದಿತ್ತು, ನಿಂಬೆಹಣ್ಣಿನ ಗಾತ್ರದ್ದು, ಅದರೊಳಗೆ ಇಷ್ಟಲಿಂಗ. ಐವತ್ತು ವರ್ಷದಿಂದ ಮೈಬಿಟ್ಟು ಇಳಿಯದ್ದು. ಬೆಲ್ಟು ಸರಿಯಾಗಿ ಅದರ ಮೇಲೆಯೇ ಹಾದುಹೋಗುತ್ತಿತ್ತು.

"ಪಟ್ಟಾ ಲಿಂಗದ ಮ್ಯಾಲ ಒತ್ತತದಪ್ಪ. ಸ್ವಾಮಿನ್ನ ಹಗ್ಗ ಹಾಕಿ ಕಟ್ಟಿದಂಗ ಆಗ್ತದ," ಎಂದರು.

ಹಾಗೆಯೇ ಹಾಕಿಕೊಳ್ಳಬೇಕು ಎಂದು ವೈಜನಾಥ ಹೇಳಿದ. ಕರಡಿಗೆಯನ್ನು ಒಂದು ಬದಿಗೆ ಸರಿಸಿ ನೋಡಿದರು, ಅದು ಮತ್ತೆ ನಡುವಿಗೇ ಬಂತು. ಸರಿ, ಬೇಡವೇ ಬೇಡ ಎಂದು ಅವರು ಬಕಲ್ ಬಿಚ್ಚಿಬಿಟ್ಟರು. ಗಾಡಿ ಕುಂಯ್ ಕುಂಯ್ ಎಂದು ಶುರುಮಾಡಿತು. ಬೆಲ್ಟಿಲ್ಲದೆ ಹೋಗುವುದಕ್ಕಿಂತ ಏನೋ ಒಂದು ಇರುವುದು ವಾಸಿ, ಸೊಂಟವಾದರೂ ಹಿಡಿದಿರುತ್ತದೆ ಎಂದು ವೈಜನಾಥನ ತಲೆ ಲೆಕ್ಕ ಹಾಕಿತು. ಆ ಲೆಕ್ಕ ತಪ್ಪೆಂದು ಅವನಿಗೆ ಗೊತ್ತಿತ್ತು. ತಪ್ಪೆಂದು ಹೇಳುವ ಚಿತ್ರವೇ ಅವನ ಪರೀಕ್ಷಾ ಕೋಣೆಯ ಗೋಡೆಯ ಮೇಲಿತ್ತು, ಕೆಂಪು ಅಡ್ಡಗೆರೆಯ ಸಮೇತ. ಆದರೂ ಬಗ್ಗಿ, ಪ್ರೇಮಾಬಾಯಿಯ ಎಡತೋಳನ್ನು ಎತ್ತಿ, ಬೆಲ್ಟನ್ನು ಕಂಕುಳ ಕೆಳಗಿನಿಂದ ಹಾಯಿಸಿ ಬಕಲ್ಲಿಗೆ ಸಿಕ್ಕಿಸಿದ. ಸೆರಗನ್ನು ಅದರ ಮೇಲೆ ಎಳೆದು ಸರಿಮಾಡಿದ. ಕರಡಿಗೆ ಬೆಲ್ಟಿನ ಮೇಲ್ಗಡೆ ಆರಾಮವಾಗಿ ಕೂತಿತು. ಗಾಡಿ ಸುಮ್ಮನಾಯಿತು. ಹಿಂದಿನಿಂದ ಜಯಮಾಲಾ, ಎಂಜಿನಿಯರ್ ಸಾಹೇಬರು ದೇವರಿಗೂ ದಾರಿ ಮಾಡಿಕೊಟ್ಟರು ಎಂದು ನಕ್ಕಳು. ಡಿಪ್ಲೊಮಾ ಮಾಡಿದ ತಮ್ಮನನ್ನು ಅವಳು ಹಾಗೆ ಕಾಡಿಸುವುದು ರೂಢಿ. ಅವನಿಗೂ ಒಳಗೊಳಗೆ ಹೆಮ್ಮೆಯೇ ಆಗಿತ್ತು. ಕಾರ್ಖಾನೆಯ ಬೊಂಬೆಗೆ ಶಿವದಾರವಿಲ್ಲ. ಇದು ಯಾವ ಪರೀಕ್ಷೆಯಲ್ಲೂ ಬಾರದ ಪ್ರಶ್ನೆ, ತಾನು ಬಿಡಿಸಿದೆ ಎಂದುಕೊಂಡಿದ್ದ.

ಏಳು ವಾರದ ಮೇಲೆ ಅವರು ಮದುವೆಯೊಂದಕ್ಕೆ ಪೈಠಣಿ ಸೀರೆ ತರಲು ಯೇವಲಾಕ್ಕೆ ಹೋದರು. ತಿರುಗಿ ಬರುವಾಗ, ವೈಜಾಪುರ ಇನ್ನೂ ದೂರವಿತ್ತು, ಹೊತ್ತು ಮುಳುಗುವ ಹೊತ್ತು. ಈರುಳ್ಳಿ ತುಂಬಿದ ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರೊಂದು ಹೊಲದ ದಾರಿಯಿಂದ ನೆಟ್ಟಗೆ ಹೆದ್ದಾರಿಗೆ ಏರಿ ನಿಂತಿತು. ಹಿಂದೆ ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ. ಶಿವಲಿಂಗ ಬ್ರೇಕು ಹಾಕಿದ. ಆದರೂ ಗುದ್ದಿತು. ಏರ್‌ಬ್ಯಾಗುಗಳೆಲ್ಲ ತೆರೆದುಕೊಂಡವು. ಶಿವಲಿಂಗನ ಹುಬ್ಬಿಗೆ ಮೂರು ಹೊಲಿಗೆ ಬಿತ್ತು. ಜಯಮಾಲಾಳ ಭುಜದ ಮೇಲೆ ಬೆಲ್ಟಿನ ಅಗಲದ ನೀಲಿ ಗಾಯ. ಪ್ರೇಮಾಬಾಯಿ ತಾವೇ ಬಾಗಿಲು ತೆಗೆದು ಇಳಿದು, ರಸ್ತೆಯ ಬದಿಯಲ್ಲಿ ಕೂತು, ಸೊಸೆಗೆ ನೀರು ಕೊಡಿರೆಂದು ಹೇಳಿದರಂತೆ. ಅರ್ಧ ತಾಸಿನಲ್ಲಿ ಅವರ ಮುಖ ಸುಣ್ಣದಂತಾಯಿತು. ಎಡಗಡೆಯ ಕೆಳಗಿನ ಪಕ್ಕೆಲುಬುಗಳು ಒಳಕ್ಕೆ ಮುರಿದು ಗುಲ್ಮ ಹರಿದಿದೆ ಎಂದರು ಡಾಕ್ಟರು. ಎರಡನೆಯ ದಿನ ಮಧ್ಯಾಹ್ನ ತೀರಿಕೊಂಡರು.

ನಾಸಿಕಿನಿಂದ ಓಡಿಬಂದ ವೈಜನಾಥನ ಕೈಗೆ ನರ್ಸ್ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟಳು. ಸ್ಕ್ಯಾನಿಗಾಗಿ ತೆಗೆದಿಟ್ಟ ಬಳೆ, ಮೂಗುತಿ, ಕರಡಿಗೆ. ಅವನು ಕರಡಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಬೆಳ್ಳಿಯ ಮೇಲೆ ಒಂದು ಗೀರೂ ಇರಲಿಲ್ಲ, ಬೆಲ್ಟು ಅದನ್ನು ತಾಕಿಯೇ ಇರಲಿಲ್ಲ. ಆ ಕ್ಷಣದಲ್ಲಿಯೇ ಅವನಿಗೆ ಎಲ್ಲವೂ ಗೊತ್ತಾಯಿತು. ಸಮಾಧಿಯಲ್ಲಿ ಅವರನ್ನು ಕೂರಿಸಿ, ಎಡಗೈಯಲ್ಲಿ ಲಿಂಗವನ್ನಿಟ್ಟು ಮಣ್ಣು ಕೊಡುವಾಗ, ಅವನೂ ಮೂರು ಹಿಡಿ ಹಾಕಿದ.

ಇಪ್ಪತ್ತೆರಡನೆಯ ದಿನ ಶಿವಲಿಂಗ ಫೋನು ಮಾಡಿದ. ಗ್ರಾಹಕ ನ್ಯಾಯಾಲಯಕ್ಕೆ ಹೋಗಬೇಕೆಂದಿದ್ದಾನೆ, ವಕೀಲರು ಗಾಡಿ ತಿಳಿದವರೊಬ್ಬರಿಂದ ಬರೆಸಿಕೊಂಡು ಬಾ ಅಂದಿದ್ದಾರೆ. ಮೂವರಲ್ಲಿ ಇಬ್ಬರು ನಡೆದು ಮನೆಗೆ ಬಂದರು, ಒಬ್ಬಳು ಬರಲಿಲ್ಲ ಅಂದರೆ ಅವಳ ಸೀಟಿನಲ್ಲಿ ಏನೋ ದೋಷವಿತ್ತು ಅಂತಲೇ ಅರ್ಥವಲ್ಲವೇ ಎಂದು ಕೇಳಿದ. ವೈಜನಾಥ ಹೂಂಗುಟ್ಟಿದ. ಫೋನು ಇಡುವ ಮುಂಚೆ ಶಿವಲಿಂಗ ಅಂದ:

"ಗಾಡಿದು ತಪ್ಪ ಹುಡುಕು ವೈಜು. ಗಾಡಿದಲ್ಲಂದ್ರ ನಂದ."

ಭಾನುವಾರ ಬೆಳಿಗ್ಗೆ ವೈಜನಾಥ ಎಸ್‌ಟಿ ಬಸ್ಸು ಹತ್ತಿದ. ಚೀಲದಲ್ಲಿ ಟಾರ್ಚು, ಅಳತೆಯ ಟೇಪು, ಭೂತಗನ್ನಡಿ, ಬಿಳಿ ಹಾಳೆ. ಕಂಡಕ್ಟರು ಸಂಭಾಜಿನಗರ, ಸಂಭಾಜಿನಗರ ಎಂದು ಕೂಗುತ್ತಿದ್ದ. ಮುಂದಿನ ಸೀಟಿನ ಮುದುಕನೊಬ್ಬ ಔರಂಗಾಬಾದಿಗೆ ಎರಡು ಕೊಡು ಎಂದ. ಇಬ್ಬರೂ ಒಂದೇ ಊರಿಗೆ ಟಿಕೆಟ್ ಹರಿದುಕೊಂಡರು. ಯೇವಲಾ ದಾಟಿದ ಮೇಲೆ ವೈಜನಾಥ ಕಿಟಕಿಯ ಪರದೆ ಎಳೆದುಕೊಂಡ. ಅವನು ಒಂದು ಆಸೆ ಇಟ್ಟುಕೊಂಡು ಹೊರಟಿದ್ದ. ಅದನ್ನು ಆಸೆ ಎಂದು ಕರೆಯಲು ಅವನಿಗೇ ಹೇಸಿಗೆಯಾಗುತ್ತಿತ್ತು. ಬೆಲ್ಟಿನಲ್ಲಿ ಒಂದು ಎಳೆ ಕಿತ್ತಿರಲಿ. ಬಕಲ್ಲಿನ ನಾಲಿಗೆ ಅರ್ಧವೇ ಕಚ್ಚಿರಲಿ. ಒಂದು ಏರ್‌ಬ್ಯಾಗ್ ತಡವಾಗಿ ತೆರೆದಿರಲಿ. ತಾನೇ ಮೂರು ವಾರ ಕೂತು ಹಸಿರು ಗೆರೆ ಎಳೆದ ಗಾಡಿ, ಎಲ್ಲೋ ಒಂದು ಕಡೆ ಮೋಸ ಮಾಡಿರಲಿ.

ಮನೆಯಲ್ಲಿ ಶಿವಲಿಂಗ ಹೊರಗಿನ ಕೋಣೆಯಲ್ಲಿ, ಮಾತನಾಡಿಸಲು ಬಂದ ಮಂಡಿಯವರ ನಡುವೆ ಕೂತಿದ್ದ. ಗಡ್ಡ ಬಂದಿತ್ತು. ಗಾಡಿಯ ವೇಗ ಅರವತ್ತೈದಿತ್ತು, ಎಪ್ಪತ್ತು ಮುಟ್ಟಿರಲಿಲ್ಲ ಎಂದು ಅವರಿಗೆ ಮರಾಠಿಯಲ್ಲಿ ಹೇಳುತ್ತಿದ್ದ. ಅವರು ಕೇಳಿರಲಿಲ್ಲ. ಬಂದವರಿಗೆಲ್ಲ ನೀರು ಕೊಡುವ ಮೊದಲೇ ಅವನು ತನ್ನ ವೇಗ ಹೇಳುತ್ತಾನೆಂದು ಹತ್ತನೆಯ ತರಗತಿಯ ಮಗಳು ವಿಜಯಶ್ರೀ ಸೋದರಮಾವನ ಕಿವಿಯಲ್ಲಿ ಹೇಳಿದಳು. ಅವಳಿಗೆ ಕನ್ನಡ ತಿಳಿಯುತ್ತಿತ್ತು, ಮಾತು ಮಾತ್ರ ಮರಾಠಿಯಲ್ಲೇ. ಅಪ್ಪ ನಿದ್ದೆ ಮಾಡುತ್ತಿಲ್ಲ, ಗಾಡಿಯ ಕೀ ಮುಟ್ಟುತ್ತಿಲ್ಲ, ಮೊನ್ನೆ ಆಟೋದವನಿಗೂ ನಿಧಾನ ಹೋಗು ಎಂದು ಅತ್ತುಬಿಟ್ಟರು ಎಂದಳು.

ಊಟಕ್ಕೆ ಎಲೆಕೋಸಿನ ಪಲ್ಯ, ಜೋಳದ ರೊಟ್ಟಿ. ಜಯಮಾಲಾ ತಮ್ಮನೊಬ್ಬನಿಗೇ ಅಡುಗೆಮನೆಯಲ್ಲಿ ತಟ್ಟೆ ಹಾಕಿ, ಬಾಗಿಲು ಮುಂದಕ್ಕೆ ಮಾಡಿ, ಎದುರಿಗೆ ಕೂತಳು.

"ಬೆಲ್ಟ್ ಹರಿದಿತ್ತಂತ ಬರಿ," ಎಂದಳು.

"ಹರಿದಿಲ್ಲಕ್ಕ."

"ನೀ ಇನ್ನಾ ನೋಡೇ ಇಲ್ಲ."

"ಹರಿದಿದ್ರ ಅತ್ತಿ ಮುಂದಿನ ಗಾಜಿಗೆ ಬಡೀತಿದ್ರು. ಮುಖಕ್ಕ ಒಂದು ಗಾಯ ಇತ್ತೇನು?"

ಅವಳು ರೊಟ್ಟಿಯ ಮೇಲಿನ ಹಿಟ್ಟನ್ನು ಬೆರಳಿನಿಂದ ಒರೆಸಿದಳು. ಆಮೇಲೆ, ತನಗೆಲ್ಲ ಗೊತ್ತಿದೆ ಎಂದಳು. ಆ ಏಳು ವಾರವೂ ಅತ್ತೆ ಗಾಡಿ ಹತ್ತಿದಾಗಲೆಲ್ಲ ತೋಳೆತ್ತಿ ಬೆಲ್ಟನ್ನು ಕೆಳಗೆ ಸಿಕ್ಕಿಸಿಕೊಂಡು, ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದದ್ದನ್ನು ಬೆನ್ನಿಗೆ ಕೂತು ನೋಡಿದ್ದಳು. ಯೇವಲಾದಲ್ಲಿ ಒಮ್ಮೆ, ಹೀಗಿದ್ದರೆ ನಡೆಯುತ್ತದಾ ಎಂದು ಕೇಳಿಯೂ ಇದ್ದಳು. ವೈಜುನೇ ಹೇಳ್ಯಾನ, ಅವ ತಿಳಿದಾಂವ ಎಂದಿದ್ದರು ಅತ್ತೆ. ಬಲಗಡೆ ಕೂತು ಗಾಡಿ ನಡೆಸುವ ಶಿವಲಿಂಗನಿಗೆ ಸೆರಗಿನ ಕೆಳಗಿನದು ಕಾಣುತ್ತಿರಲಿಲ್ಲ. ಬಕಲ್ ಬಿದ್ದಿದೆ, ಗಾಡಿ ಕೂಗುತ್ತಿಲ್ಲ, ಅಷ್ಟೇ ಅವನು ನೋಡುತ್ತಿದ್ದದ್ದು.

"ದಾಜಿ ತಮ್ಮದ ತಪ್ಪಂತ ಕೂತಾರ, ನೀ ನೋಡಕೋತ ಸುಮ್ಮನಿದ್ದಿ," ವೈಜನಾಥ ಅಂದ. ಸಣ್ಣವನಿದ್ದಾಗ ಮಾಮಾ ಎಂದು ಕರೆಯುತ್ತಿದ್ದ ಭಾವ, ನಾಸಿಕಿಗೆ ಬಂದ ಮೇಲೆ ಮರಾಠಿಯವರಂತೆ ದಾಜಿಯಾಗಿದ್ದ.

"ಇರಬ್ಯಾಡಾ? ಕಂಪನಿದು ತಪ್ಪಂದ್ರ ಅವರು ಕೋರ್ಟಿಗೆ ಹೋಗ್ತಾರ, ಜಗಳ ಮಾಡ್ತಾರ, ಬಂದು ಉಣ್ತಾರ. ನಿಂದು ತಪ್ಪಂದ್ರ ಯಾರ ಜೋಡಿ ಮಾಡಬೇಕು? ನಾ ಈ ಮನ್ಯಾಗ ಇರಬೇಕು ವೈಜು." ದನಿ ಇನ್ನಷ್ಟು ಇಳಿಸಿದಳು. "ಬೆಲ್ಟಿಂದು ಅಂತ ಬರಿ. ಮೂರೂ ಮಂದಿ ಉಳೀತೀವಿ."

ಹೊರಗಿನಿಂದ ಶಿವಲಿಂಗ ಊಟ ಆಯಿತೇನು ಎಂದು ಕೂಗಿದ.

ಗಾಡಿಯನ್ನು ಇಟ್ಟಿದ್ದದ್ದು ವಾಳೂಜ್ ರಸ್ತೆಯ ಒಂದು ಗ್ಯಾರೇಜಿನ ಹಿಂದಿನ ಬಯಲಿನಲ್ಲಿ. ಇಬ್ಬರೂ ಆಟೋದಲ್ಲಿ ಹೋದರು. ದಾರಿಯುದ್ದಕ್ಕೂ ಶಿವಲಿಂಗ ಮುಂದಿನ ಸರಳನ್ನು ಹಿಡಿದುಕೊಂಡೇ ಇದ್ದ. ಬಯಲಿನಲ್ಲಿ ಅಂಥವೇ ಇಪ್ಪತ್ತು ಗಾಡಿಗಳು ಬಿಸಿಲಿಗೆ ನಿಂತಿದ್ದವು, ಒಂದೊಂದರದು ಒಂದೊಂದು ಕಡೆ ಚಪ್ಪಟೆ. ಅವುಗಳ ನಡುವೆ ಒಂದು ಕಾಡುಬಳ್ಳಿ ಹಬ್ಬಿ, ಯಾರದೋ ಟೆಂಪೊದ ಸ್ಟೇರಿಂಗಿಗೆ ಸುತ್ತಿಕೊಂಡಿತ್ತು. ಶಿವಲಿಂಗ ತನ್ನ ಗಾಡಿಯ ಹತ್ತಿರ ಬರಲಿಲ್ಲ. ಗ್ಯಾರೇಜಿನವನು ಕೊಟ್ಟ ಸ್ಟೂಲನ್ನು ಬೇವಿನ ನೆರಳಿಗೆ ಹಾಕಿಕೊಂಡು, ನೀ ನೋಡು ಎಂದ.

ವೈಜನಾಥ ಮುಂದಿನಿಂದ ಶುರುಮಾಡಿದ. ಬಾನೆಟ್ಟು ಕಾಗದದಂತೆ ಮಡಚಿಕೊಂಡಿತ್ತು. ಮಡಚಿಕೊಳ್ಳಬೇಕಾದ ಕಡೆಗಳಲ್ಲೇ ಮಡಚಿಕೊಂಡಿತ್ತು. ಆ ಮಡಿಕೆಗಳು ಗಾಜಿನ ಹತ್ತಿರ ಬಂದು ನಿಂತುಬಿಟ್ಟಿದ್ದವು. ಅಲ್ಲಿಂದ ಹಿಂದಕ್ಕೆ ಕೂಡುವ ಜಾಗ ಇದ್ದಂತೆಯೇ ಇತ್ತು. ನಾಲ್ಕು ಬಾಗಿಲುಗಳಲ್ಲಿ ಮೂರು ಕೈಯಿಂದಲೇ ತೆರೆದವು. ಕಿತ್ತಳೆ ಬಣ್ಣದ ದಪ್ಪ ವೈರಿನ ಮೇಲೆ ಒಂದು ಗೀಚೂ ಇಲ್ಲ. ಬ್ಯಾಟರಿಯ ಸಂಪರ್ಕ ಕಡಿದಿತ್ತು, ಅವನು ಟೀ ಕಪ್ಪು ಚಮಚ ಇಟ್ಟು ಹೇಳಿದ ಹಾಗೆಯೇ. ಏರ್‌ಬ್ಯಾಗುಗಳು ಖಾಲಿ ದಿಂಬಿನ ಚೀಲಗಳಂತೆ ಜೋತುಬಿದ್ದಿದ್ದವು, ಎಲ್ಲವೂ. ಗಾಡಿ ಕೊಟ್ಟ ಮಾತನ್ನೆಲ್ಲ ಒಂದೊಂದಾಗಿ ನಡೆಸಿತ್ತು. ಇಷ್ಟು ಪ್ರಾಮಾಣಿಕ ವಸ್ತುವನ್ನು ಅವನು ಕಂಡಿರಲಿಲ್ಲ. ಅದರ ಮೇಲೆ ಅವನಿಗೆ ಸಿಟ್ಟು ಬಂತು.

ಕೊನೆಗೆ ಎಡಗಡೆಯ ಮುಂದಿನ ಸೀಟು. ಬಕಲ್ಲಿಗೆ ನಾಲಿಗೆ ಸಿಕ್ಕಿಸಿ ಒತ್ತಿದ, ಬಿಚ್ಚಿದ, ಒತ್ತಿದ. ಅವನ ಬೆರಳಿಗೆ ಆ ಸದ್ದಿನ ಗುರುತು ಚೆನ್ನಾಗಿತ್ತು, ತಪ್ಪಿಲ್ಲ. ಬೆಲ್ಟನ್ನು ಗೇಣು ಗೇಣಾಗಿ ಭೂತಗನ್ನಡಿಯ ಕೆಳಗೆ ಸರಿಸಿದ. ಬಾಗಿಲ ಪಕ್ಕದ ಕಂಬದ ಮೇಲೆ ಬೆಲ್ಟು ಹಾಯುವ ಬಳೆಯೊಳಗೆ ಉಜ್ಜಿದ ಜಾಗದಲ್ಲಿ ನೂಲು ಕಾವಿಗೆ ಕರಗಿ ಹೊಳೆಯುತ್ತಿತ್ತು. ಭಾರ ಬಿದ್ದಿದೆ, ಹಿಡಿದಿದೆ. ಎಳೆಯೊಂದೂ ಕಿತ್ತಿಲ್ಲ. ಆಮೇಲೆ ಟಾರ್ಚನ್ನು ಸೀಟಿನ ಎಡ ಅಂಚಿಗೆ ಬಿಟ್ಟ. ಪಕ್ಕೆಲುಬಿನ ಎತ್ತರದಲ್ಲಿ, ಬೆಲ್ಟು ಎಂದೂ ತಾಕಬಾರದ ಜಾಗದಲ್ಲಿ, ಸೀಟಿನ ಬಟ್ಟೆ ಬೆರಳಗಲ ಕರಗಿ ಗಟ್ಟಿಯಾಗಿತ್ತು. ಕರಗಿದ್ದರಲ್ಲಿ ಒಂದು ಹಸಿರು ಎಳೆ ಅಂಟಿಕೊಂಡಿತ್ತು, ಸೀರೆಯದು. ಚಾಲಕನ ಸೀಟಿನ ಅಂಚನ್ನೂ ನೋಡಿದ. ಅಲ್ಲಿ ಹಾಗೇನೂ ಇರಲಿಲ್ಲ.

ಅವನು ಟಾರ್ಚು ಆರಿಸಿ, ಒಂದು ಹಳೆಯ ಟೈರಿನ ಮೇಲೆ ಕೂತು, ಮರಾಠಿಯಲ್ಲಿ ಬರೆದ. ಮರಾಠಿಯಾದರೆ ವಕೀಲರಿಗೂ ಆಗುತ್ತದೆ, ಶಿವಲಿಂಗನೂ ಓದಬಲ್ಲ. ಮೊದಲು ಬರೆದದ್ದು ಜಯಮಾಲಾ ಹೇಳಿದ್ದನ್ನು. ಬೆಲ್ಟು ದೋಷಪೂರಿತವಾಗಿತ್ತು. ಬಸ್ಸಿನಲ್ಲಿ ಅಷ್ಟು ದೂರ ಹೊತ್ತು ತಂದಿದ್ದ ವಾಕ್ಯ, ಕಾಗದದ ಮೇಲೆ ಇಳಿದಾಗ ಏನೂ ಅನ್ನಿಸಲಿಲ್ಲ. ಓದಿದವರು ನಂಬುತ್ತಿದ್ದರು. ಅವನ ಕೈಬರಹ ಚೆನ್ನಾಗಿತ್ತು. ಆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿ, ಇನ್ನೊಂದು ತೆಗೆದ. ಗಾಡಿಯ ಎಲ್ಲ ರಕ್ಷಣಾ ಭಾಗಗಳೂ ಸರಿಯಾಗಿ ಕೆಲಸ ಮಾಡಿವೆ. ಚಾಲಕ ಸಮಯಕ್ಕೆ ಬ್ರೇಕು ಹಾಕಿದ್ದಾನೆ. ಎಡ ಸೀಟಿನ ಬೆಲ್ಟು ಭುಜದ ಮೇಲೆ ಇರದೆ ತೋಳಿನ ಕೆಳಗೆ ಇತ್ತು, ಸಾವಿಗೆ ಕಾರಣ ಅದು. ಎಲ್ಲವೂ ನಿಜ. ಎಷ್ಟು ನಿಜವೆಂದರೆ, ಅದರಲ್ಲಿ ಅವನಿಗೆ ಜಾಗವೇ ಇರಲಿಲ್ಲ.

ಶಿವಲಿಂಗ ಹಾಳೆಯನ್ನು ಎರಡು ಸಲ ಓದಿದ.

"ಬ್ರೇಕ್ ನಾ ಬರಾಬರ್ ಹಾಕಿದ್ದೆ?" ಎಂದು ಕೇಳಿದ.

"ಬರಾಬರ್ ಹಾಕೀರಿ. ಬೆಲ್ಟ್ ಸರಿ ಇದ್ದಿದ್ರ ಅತ್ತಿ ಉಳೀತಿದ್ರು."

ಶಿವಲಿಂಗ ಬೇವಿನ ಬೊಡ್ಡೆಗೆ ತಲೆಯಾನಿಸಿದ. ಅವನ ಎದೆಯಿಂದ ಉಸಿರು ಬಹಳ ಹೊತ್ತು ಹೊರಗೆ ಬರುತ್ತಲೇ ಇತ್ತು, ಇಷ್ಟು ದಿನ ಹಿಡಿದಿಟ್ಟದ್ದು. ಆಮೇಲೆ ಅವನು ನಕ್ಕ. ಕಣ್ಣಲ್ಲಿ ನೀರಿತ್ತು.

"ಮುದುಕಿ," ಎಂದ. "ಲಿಂಗಕ್ಕ ತ್ರಾಸಾಗ್ತದಂತ ತಾನ ಸಿಗಿಸಿಕೊಂಡಿರ್ತಾಳ. ಹುಟ್ಟಿದಾಗಿಂದ ಯಾರ ಮಾತು ಕೇಳ್ಯಾಳ ಹೇಳು? ನಮ್ಮಪ್ಪ ಹೇಳಿ ಹೇಳಿ ಸತ್ತ."

ಅವನು ತಾಯಿಯನ್ನು ಬೈಯುತ್ತಲೇ ಹೋದ, ಪ್ರೀತಿಯಿಂದ, ಬಾಯಿ ತುಂಬ. ಔಷಧಿ ಚರಂಡಿಗೆ ಸುರಿಯುತ್ತಿದ್ದದ್ದು, ಶ್ರಾವಣದಲ್ಲಿ ಉಪವಾಸ ಬಿದ್ದು ಸಕ್ಕರೆ ಇಳಿಸಿಕೊಂಡದ್ದು. ಹೀಗೆ ಬೈದರೆ ಅವನು ಇವತ್ತು ರಾತ್ರಿ ನಿದ್ದೆ ಮಾಡುತ್ತಾನೆ ಎಂದು ವೈಜನಾಥನಿಗೆ ಅನ್ನಿಸಿತು. ಎಲ್ಲ ಅಲ್ಲಿಗೆ ಮುಗಿಯಬಹುದಿತ್ತು. ಕಂಪನಿ ಉಳಿಯಿತು, ಶಿವಲಿಂಗ ಉಳಿದ, ಅಕ್ಕ ಉಳಿದಳು, ತಾನೂ ಉಳಿದೆ. ತಪ್ಪನ್ನು ಹೊರಲು ಒಬ್ಬರು ಸಿಕ್ಕಿದ್ದರು, ಹೊರೆ ಎಂದು ಅವರೆಂದೂ ಗೊಣಗುವವರಲ್ಲ. ಜೀವಂತ ಇದ್ದಾಗ ವೈಜು ತಿಳಿದಾಂವ ಎಂದಿದ್ದರು. ಈಗ ಅವರಿಗೆ ಬಾಯಿಲ್ಲ.

"ಅತ್ತಿ ತಾವ ಹಾಕ್ಕೊಂಡಿದ್ದಲ್ರಿ ದಾಜಿ," ವೈಜನಾಥ ಅಂದ. "ತೋಳ ಎತ್ತಿ ಕೆಳಗ ಸಿಗಿಸಿದಾಂವ ನಾ. ಶ್ರಾವಣದಾಗ, ಅಂಬಡ್‌ನ್ಯಾಗ. ನೀವು ನೀರು ತರ್ಲಾಕ ಹೋಗಿದ್ರಿ."

ಗ್ಯಾರೇಜಿನೊಳಗೆ ಯಾರೋ ತಗಡು ಬಡಿಯುತ್ತಿದ್ದರು. ಶಿವಲಿಂಗನ ಮುಖದ ಮೇಲಿನ ನಗು ತಕ್ಷಣ ಹೋಗಲಿಲ್ಲ. ಎಲ್ಲಿಗೆ ಹೋಗಬೇಕೆಂದು ತಿಳಿಯದಂತೆ ಸ್ವಲ್ಪ ಹೊತ್ತು ಅಲ್ಲೇ ಇತ್ತು.

"ಹಂಗ ಹಾಕಬಾರದಂತ ನಿನಗ ಗೊತ್ತಿತ್ತು," ಎಂದ. ಕೇಳಿದ್ದಲ್ಲ, ಹೇಳಿದ್ದು.

"ಗೊತ್ತಿತ್ರಿ."

"ನಮಗ ಗೊತ್ತಿರ್ಲಿಲ್ಲ. ಅದಕ್ಕ ನಿನ್ನ ಕೇಳಿದ್ವಿ."

ವೈಜನಾಥನ ತಲೆಯಲ್ಲಿ ನೆಪಗಳು ಸಾಲುಗಟ್ಟಿದವು. ಬೆಲ್ಟೇ ಇಲ್ಲದೆ ಹೊರಟಿದ್ದರು, ಕರಡಿಗೆ ಒತ್ತುತ್ತಿತ್ತು, ಎರಡೇ ನಿಮಿಷದಲ್ಲಿ ನೀವು ಬಂದುಬಿಡುತ್ತಿದ್ದಿರಿ. ಶಿವಲಿಂಗ ಹಾಳೆಯನ್ನು ನಾಲ್ಕಾಗಿ ಮಡಚಿ, ಅಂಗಿಯ ಜೇಬಿನಲ್ಲಿಟ್ಟು, ಎದ್ದು ನಿಂತ. ಬೈಯಲಿಲ್ಲ, ಕೈ ಎತ್ತಲಿಲ್ಲ. ಎರಡು ಹೆಜ್ಜೆ ಹೋದವನು ನಿಂತು, ತಿರುಗಿ ನೋಡದೆ ಕೇಳಿದ:

"ಜಯಾಗ ಗೊತ್ತಿತ್ತೇನು?"

ವೈಜನಾಥ ಈ ಪ್ರಶ್ನೆಗೆ ತಯಾರಾಗಿ ಬಂದಿರಲಿಲ್ಲ. ತನ್ನ ತಪ್ಪನ್ನು ಒಪ್ಪಿಕೊಂಡರೆ ಸತ್ಯ ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದ. ಈರುಳ್ಳಿಯ ವಾಸನೆ ಹತ್ತಿದ ಅಕ್ಕನ ಕೈ, ರೊಟ್ಟಿಯ ಮೇಲಿನ ಹಿಟ್ಟನ್ನು ಒರೆಸುತ್ತಿದ್ದದ್ದು ಕಣ್ಣಿಗೆ ಬಂತು.

"ಇಲ್ರಿ," ಎಂದ. "ಅಕ್ಕಗ ಏನೂ ಗೊತ್ತಿಲ್ಲ."

ಶಿವಲಿಂಗ ತಲೆಯಾಡಿಸಿದ. ಮೊದಲ ಸಲ ಗಾಡಿಯ ಹತ್ತಿರ ಹೋದ. ಚಾಲಕನ ಬದಿಯ ಹಿಂದಿನ ಬಾಗಿಲು ತೆಗೆದು, ಒಳಗೆ ಕೂತು, ಸೀಟಿನ ಮೇಲೆ ಕೈಯೂರಿ ಮೆಲ್ಲಗೆ ಎಡಗಡೆಗೆ ಸರಿದ. ಯೇವಲಾದಿಂದ ಬರುವಾಗ ಅವನ ಹೆಂಡತಿ ಸೀರೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಜಾಗ ಅದು.

"ಮುಂದ ಕುಂದ್ರು," ಅಲ್ಲಿಂದ ಅಂದ. "ಅವ್ವ ಕೂತಲ್ಲಿ. ಅವ್ವಗ ಹಾಕಿದಂಗ ಪಟ್ಟಾ ಹಾಕ್ಕೋ."

ವೈಜನಾಥ ಕೂತ. ಏರ್‌ಬ್ಯಾಗಿನ ಚೀಲವನ್ನು ಮಂಡಿಯಿಂದ ಸರಿಸಿದ. ಗಾಡಿಯೊಳಗೆ ಬಿಸಿಲು, ಸುಟ್ಟ ಪುಡಿಯ ವಾಸನೆ. ಬೆಲ್ಟು ಬಿಗಿ ಕಳೆದುಕೊಂಡು ಜೋತಾಡುತ್ತಿತ್ತು. ಅದನ್ನು ಎಳೆದು, ತನ್ನ ಎಡತೋಳನ್ನು ತಾನೇ ಎತ್ತಿ, ಕೆಳಗಿನಿಂದ ಹಾಯಿಸಿ, ಬಕಲ್ಲಿಗೆ ಸಿಕ್ಕಿಸಿದ. ತೋಳು ಇಳಿಸಿ ನೆಟ್ಟಗೆ ಕೂತ. ಒಳಗನ್ನಡಿ ಒಡೆದುಹೋಗಿತ್ತು, ಹಿಂದಿನವನ ಮುಖ ಕಾಣುತ್ತಿರಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು. ತಗಡು ಬಡಿಯುವುದು ನಿಂತಿತು.

ಸೀಟಿಗೂ ಕಂಬಕ್ಕೂ ನಡುವಿನ ಸಂದಿಯಿಂದ ಒಂದು ಕೈ ಬಂತು. ಅದು ಕಂಬದ ಬಳೆಯಿಂದ ಬೆಲ್ಟಿನ ಗುಂಟ ಇಳಿದು, ಅವನ ಪಕ್ಕೆಯ ತನಕ ಬಂದು ನಿಂತಿತು. ಎಳೆಯಲಿಲ್ಲ. ದಾರಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದಷ್ಟೇ ನೋಡಿತು.

"ಇಲ್ಲಿಂದ ಕಾಣ್ತದ ವೈಜು," ಶಿವಲಿಂಗ ಅಂದ. "ನಿಚ್ಚಳ ಕಾಣ್ತದ."

ವೈಜನಾಥ ಬಕಲ್ಲಿನ ಕೆಂಪು ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ಒತ್ತದೆ, ಕೂತೇ ಇದ್ದ.